ಮಳೆ ನೀರಿಗೂ ಒಂದು ಲೈಸೆನ್ಸು

ಮೊನ್ನೆ ಗುರುವಾರ ಬೆಳಗಿನ ಜಾವ ಐದೂವರೆಗೆ ಫೋನ್ ಬಡಕೊಳ್ಳೋಕೆ ಶುರುವಾಯ್ತು. ಪರದೇಶದಲ್ಲಿರೋರಿಗೆ ಆ ಹೊತ್ತಿನ ಫೋನ್ ಅಂದ್ರೆ ಎದೆ ಧಸಕ್ ಅನ್ನುತ್ತೆ, ನಿಮಗೂ ಗೊತ್ತಲ್ಲ. ನೋಡಿದ್ರೆ ಊರಿನ ಫೋನಲ್ಲ, ನಮ್ಮ ಕಾರ್ಖಾನೆಯ ರಾತ್ರಿ ಪಾಳಿಯವನದ್ದು. 'ಮೋಡ ದಟ್ಟವಾಗಿ ಕವಿದಿದೆ, ಇನ್ನೇನು ಸುರಿಯುತ್ತೆ, ಬರ್ತೀಯಾ?' ಅಂದ. ಪ್ಯಾಂಟ್ ಏರಿಸಿಕೊಂಡು, ಕಾರಿನ ಕೀ ಹುಡುಕ್ತಾ ಇದ್ದಾಗ ಹೆಂಡತಿ ನಿದ್ದೆಗಣ್ಣಲ್ಲೇ 'ಯಾರಿಗೇನಾಯ್ತು?' ಅಂದಳು. 'ಯಾರಿಗೂ ಏನೂ ಆಗಿಲ್ಲ, ಮಳೆ ಬರ್ತಿದೆ' ಅಂದೆ. 'ಮಳೆ ಬಂದ್ರೆ ಜನ ಒಳಗೆ ಬರ್ತಾರೆ, ನೀವೊಬ್ರೇ ನೋಡಿ ಹೊರಗೆ ಓಡೋರು' ಅಂತ ಮಗ್ಗುಲು ಬದಲಾಯಿಸಿದಳು.

ಅವಳು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ನಾನು ಕೆಲಸ ಮಾಡೋದು ಲಾರೆನ್ಸ್‌ವಿಲ್ ಹೊರವಲಯದ ಒಂದು ಲೋಹದ ಬಿಡಿಭಾಗಗಳ ಕಾರ್ಖಾನೆಯಲ್ಲಿ. (ಹೆಸರು ಬೇಡ ಬಿಡಿ, ಸಂಬಳ ಕೊಡೋ ದಣಿ.) ಓದಿದ್ದು ಮೆಕ್ಯಾನಿಕಲ್ಲು, ಕೆಲಸ ಕ್ವಾಲಿಟಿಯದ್ದು. ಆದರೆ ಹಿಂದೆ 'ಎನ್ವಿರಾನ್ಮೆಂಟ್' ನೋಡ್ಕೊಳ್ತಿದ್ದಾತ ಕೆಲಸ ಬಿಟ್ಟು ಹೋದಾಗ ಅವನ ಫೈಲುಗಳೆಲ್ಲ ಪಕ್ಕದ ಕ್ಯೂಬಿಕಲ್ಲಿನವನು ಅನ್ನೋ ಒಂದೇ ಅರ್ಹತೆಯ ಮೇಲೆ ನನ್ನ ಕೊರಳಿಗೆ ಬಿದ್ದವು. ಅದರಲ್ಲಿ ಎಲ್ಲಕ್ಕಿಂತ ದಪ್ಪದ ಫೈಲು ಮಳೆ ನೀರಿನದ್ದು. ಕಾರ್ಖಾನೆಯ ಮೇಲೆ ಬಿದ್ದ ಮಳೆ ಹರಿದು ಹೊರಗೆ ಹೋಗೋದಕ್ಕೆ ಪರ್ಮಿಟ್ ಬೇಕು! ಮೊದಲ ಸಲ ಕೇಳಿದಾಗ ನಾನು ನಕ್ಕಿದ್ದೆ. ವರುಣ ದೇವರಿಗೂ ಲೈಸೆನ್ಸಾ ಅಂತ.

ಕೆಲಸ ಇಷ್ಟೇ. ಮೂರು ತಿಂಗಳಿಗೊಮ್ಮೆ, ಹಿಂದಿನ ಮಳೆ ಆಗಿ 72 ಗಂಟೆಯಾದರೂ ಕಳೆದಿರಬೇಕು, ಹೊಸ ಮಳೆಯ ನೀರು ಮೋರಿಯಿಂದ ಹೊರಗೆ ಹರಿಯೋಕೆ ಶುರುವಾದ ಮೊದಲ ಮೂವತ್ತು ನಿಮಿಷದೊಳಗೆ ಒಂದು ಗಾಜಿನ ಜಾಡಿಯಲ್ಲಿ ಹಿಡೀಬೇಕು. ಆಮೇಲೆ ಬೆಳಕಿಗೆ ಹಿಡಿದು ನೋಡಬೇಕು. ಬಣ್ಣ ಇದೆಯಾ, ವಾಸನೆ ಇದೆಯಾ, ತೇಲೋದೇನಾದ್ರೂ ಇದೆಯಾ, ತಳದಲ್ಲಿ ಕೂತಿರೋದೇನಾದ್ರೂ ಇದೆಯಾ, ನೊರೆ ಇದೆಯಾ, ಮೇಲೆ ಎಣ್ಣೆಯ ಕಾಮನಬಿಲ್ಲು ಇದೆಯಾ. ಬರೆದು ಸಹಿ ಹಾಕಬೇಕು. ನಮ್ಮ ಹಳ್ಳಿಯ ಯಾವ ಅಜ್ಜಿಯಾದರೂ ಮಾಡಬಹುದಾದ ಕೆಲಸ. ಮೊದಲ ಮೂವತ್ತು ನಿಮಿಷವೇ ಯಾಕೆ ಅನ್ನೋದೂ ಆ ಅಜ್ಜಿಗೆ ಗೊತ್ತು. ಸೂರಿನ ನೀರು ಹಿಡಿಯೋರು ಮೊದಲ ಮಳೆಯ ನೀರನ್ನ ಹಂಡೆಗೆ ಬಿಟ್ಟುಕೊಳ್ತಾರಾ? ಹೆಂಚಿನ ಮೇಲಿನ ಧೂಳು, ಹಕ್ಕಿ ಹಿಕ್ಕೆ ಎಲ್ಲ ತೊಳೆದು ಹೋಗಲಿ ಅಂತ ಬಿಡ್ತಾರೆ. ಆ ಬಿಟ್ಟ ನೀರೇ ಇಲ್ಲಿ ನಮಗೆ ಬೇಕಾದ್ದು.

*

ಈ ಊರಿನ ಬಗ್ಗೆ ಎರಡು ಮಾತು. ಲಾರೆನ್ಸ್‌ವಿಲ್ ಜಾರ್ಜಿಯಾದ ಗ್ವಿನೆಟ್ ಕೌಂಟಿಯ ಮುಖ್ಯ ಊರು, ಅಟ್ಲಾಂಟಾದಿಂದ ಈಶಾನ್ಯಕ್ಕಿದೆ. 1821ರಲ್ಲಿ ಆದದ್ದು, 1812ರ ಯುದ್ಧದ ನೌಕಾಪಡೆಯ ಕ್ಯಾಪ್ಟನ್ ಜೇಮ್ಸ್ ಲಾರೆನ್ಸ್ ಹೆಸರು. ಸಮುದ್ರದ ಗಾಳಿಯೂ ಸೋಕದ ಊರಿಗೆ ನಾವಿಕನ ಹೆಸರು ಯಾಕೋ! ನಾನು ಬಂದ ಹೊಸದರಲ್ಲಿ ಇದು ಬರೀ ಸ್ಟ್ರಿಪ್ ಮಾಲು, ಗೋಡೌನು, ಪೈನ್ ಮರಗಳ ಊರು ಅಂದುಕೊಂಡಿದ್ದೆ. ಭೂಪಟ ಸರಿಯಾಗಿ ನೋಡಿದಾಗಲೇ ಗೊತ್ತಾಗಿದ್ದು, ಈ ಕೌಂಟಿಯ ನಡುಬೆನ್ನಿನ ಮೇಲೇ ಅಮೆರಿಕದ ಪೂರ್ವದ ನೀರು ಒಡೆಯೋ ಏಣು ಹಾದುಹೋಗಿದೆ ಅಂತ. ಏಣಿನ ಈಚೆಗೆ ಬಿದ್ದ ಹನಿ ಯೆಲ್ಲೋ ರಿವರ್, ಆಲ್ಕೋವಿ ಅನ್ನೋ ಸಣ್ಣ ಹೊಳೆಗಳನ್ನ ಸೇರಿ, ಜಾಕ್ಸನ್ ಕೆರೆ ಹಾದು, ಓಕ್ಮಲ್ಗಿಯಾಗಿ, ಆಲ್ಟಮಹಾ ಆಗಿ ಅಟ್ಲಾಂಟಿಕ್‌ಗೆ ಹೋಗುತ್ತೆ. ಆಚೆಗೆ ಬಿದ್ದದ್ದು ಚಟಹೂಚಿ ಹಿಡಿದು ಮೆಕ್ಸಿಕೋ ಕೊಲ್ಲಿಗೆ. ನಮ್ಮ ಗಂಗಾಮೂಲದ ಥರ ಅನ್ನಿ. ಅಲ್ಲೂ ಅಷ್ಟೇ ಅಲ್ವಾ, ಒಂದೇ ಬೆಟ್ಟದಿಂದ ತುಂಗೆ-ಭದ್ರೆ ಮೂಡಲ ಕಡಲಿಗೆ, ನೇತ್ರಾವತಿ ಪಡುವಲಿಗೆ.

ಅಂದ್ರೆ ಏನಾಯ್ತು? ನಮ್ಮದು ಎಲ್ಲಾ ನದಿಗಳ ತಲೆಯ ಕಡೆಯ ಊರು. ಇಲ್ಲಿಂದ ಹರಿದದ್ದನ್ನ ಮಿಕ್ಕವರೆಲ್ಲ ಕುಡೀಬೇಕು. ಇನ್ನೊಂದು ವಿಷಯ ಇಲ್ಲಿ ಬಹಳ ಜನಕ್ಕೆ, ನಮ್ಮ ನೃಪತುಂಗ ಕನ್ನಡ ಕೂಟದ ಇಂಜಿನಿಯರ್ ಮಿತ್ರರಿಗೂ ಕೂಡ, ಗೊತ್ತಿಲ್ಲ. ರಸ್ತೆ ಬದಿಯ ಕಬ್ಬಿಣದ ಜಾಲರಿಯೊಳಗೆ ಹೋದ ನೀರು ಶುದ್ಧೀಕರಣ ಘಟಕಕ್ಕೆ ಹೋಗೋದಿಲ್ಲ. ಟಾಯ್ಲೆಟ್ಟಿನ ಪೈಪೇ ಬೇರೆ, ಮಳೆಯ ಪೈಪೇ ಬೇರೆ. ಮಳೆಯದ್ದು ನೇರವಾಗಿ ಹಿತ್ತಲ ಹಳ್ಳಕ್ಕೆ. ಡ್ರೈವ್‌ವೇನಲ್ಲಿ ಕಾರಿನ ಆಯಿಲ್ ಚೆಲ್ಲಿ ಪೈಪ್ ಹಿಡಿದು ತೊಳೆದರೆ, ಆಯಿಲ್ಲನ್ನ ಸೀದಾ ಹಳ್ಳಕ್ಕೆ ಸುರಿದ ಹಾಗೇ.

*

ಈಗ ಹೇಳೋದನ್ನ ಬರೀಬೇಕೋ ಬೇಡವೋ ಅಂತ ಬಹಳ ದಿನ ಯೋಚಿಸಿದೆ. ಬರೆದುಬಿಡ್ತೀನಿ.

ಈ ಫೈಲು ನನ್ನ ಕೈಗೆ ಬಂದ ಮೊದಲ ವರ್ಷ. ಅಕ್ಟೋಬರಿನಿಂದ ಡಿಸೆಂಬರ್‌ವರೆಗಿನ ಮೂರು ತಿಂಗಳು. ಅಕ್ಟೋಬರ್ ಇಲ್ಲಿ ಒಣ ತಿಂಗಳು. ನವೆಂಬರಿನಲ್ಲಿ ಮಳೆ ಬಂದದ್ದು ರಾತ್ರಿ ಎರಡಕ್ಕೋ, ಥ್ಯಾಂಕ್ಸ್‌ಗಿವಿಂಗ್ ರಜೆಗೋ. ಡಿಸೆಂಬರಿನಲ್ಲಿ ಒಂದು ಒಳ್ಳೇ ಮಳೆ ಕೆಲಸದ ದಿನವೇ ಬಂತು, ನಾನು ಮೀಟಿಂಗಿನಲ್ಲಿದ್ದೆ. ಕಿಟಕಿಯಿಂದ ನೋಡಿದೆ, ಎದ್ದು ಹೋಗಲಿಲ್ಲ. ಡಿಸೆಂಬರ್ 30ನೇ ತಾರೀಕು ಫಾರಂ ಖಾಲಿ ಇತ್ತು. ಕುರ್ಚಿಯಲ್ಲಿ ಕೂತಲ್ಲೇ ಹಿಂದಿನ ಸಲದ್ದನ್ನ ನೋಡಿಕೊಂಡು ತುಂಬಿಬಿಟ್ಟೆ. ಬಣ್ಣ: ಇಲ್ಲ. ವಾಸನೆ: ಇಲ್ಲ. ನೊರೆ: ಇಲ್ಲ. ಎಣ್ಣೆ: ಇಲ್ಲ. ಕೆಳಗೆ ನನ್ನ ಸಹಿ. ಎರಡು ನಿಮಿಷದ ಕೆಲಸ.

ತಮಾಷೆ ಏನಪ್ಪಾ ಅಂದ್ರೆ, ನಿಜ ಬರೆಯೋದಕ್ಕೂ ಆ ಫಾರಂನಲ್ಲಿ ಜಾಗ ಇತ್ತು. ಸ್ಯಾಂಪಲ್ ಹಿಡಿಯೋಕೆ ಆಗಲಿಲ್ಲ, ಕಾರಣ ಇಂಥದ್ದು ಅಂತ ಬರೆದು ಮುಂದಿನ ಮಳೆಗೆ ಹಿಡಿಯಬಹುದಿತ್ತು. ನಾನು ಅಷ್ಟು ದೂರ ಓದಿಯೇ ಇರಲಿಲ್ಲ.

ಮಾರ್ಚಿನಲ್ಲಿ ಮಳೆ ಬಂದಾಗ ನಿಜವಾಗಿಯೂ ಜಾಡಿ ಹಿಡಿದುಕೊಂಡು ಹೋದೆ. ನೀರಿನ ಮೇಲೆ ನವಿಲುಗರಿಯ ಬಣ್ಣ. ಮೂಸಿದೆ, ಹೈಡ್ರಾಲಿಕ್ ಎಣ್ಣೆ. ಮೋರಿಯ ಗುಂಟ ಹಿಂದಕ್ಕೆ ನಡೀತಾ ಹೋದರೆ ಕಟ್ಟಡದ ಬೆನ್ನಿಗೆ ಕಸ ಒತ್ತೋ ಕಂಪ್ಯಾಕ್ಟರ್ ಇದೆ, ಅದರ ಒಂದು ಹೋಸ್ ಸೀಳಿ ಹನಿ ಹನಿಯಾಗಿ ತೊಟ್ಟಿಕ್ಕುತ್ತಿದೆ. ಕೆಳಗಿನ ಕಾಂಕ್ರೀಟು ಕಪ್ಪಗೆ ಹೊಳೀತಾ ಇತ್ತು. ಒಂದು ವಾರದ ಕಪ್ಪಲ್ಲ ಅದು. ಎಷ್ಟು ದಿನದಿಂದ? ಯಾರಿಗೂ ಗೊತ್ತಿಲ್ಲ. ಗೊತ್ತಾಗಬೇಕಿದ್ದ ಒಂದೇ ಒಂದು ಕಾಗದ ಡಿಸೆಂಬರಿನದ್ದು, ಅದರಲ್ಲಿ 'ಇಲ್ಲ' ಅಂತ ನಾನೇ ಬರೆದಿದ್ದೆ.

ಹೋಸ್ ಬದಲಾಯಿಸಿದೆವು, ಕೆಳಗೆ ಟ್ರೇ ಇಟ್ಟೆವು, ಎಣ್ಣೆ ಹೀರೋ ಪುಡಿ ಹಾಕಿ ಗುಡಿಸಿದೆವು. ಹಳ್ಳದ ತನಕ ಇಳಿದು ಹೋಗಿ ನೋಡಿದೆ. ಸತ್ತ ಮೀನೇನೂ ಕಾಣಲಿಲ್ಲ. ಅಲ್ಲಿ ಮೊದಲು ಮೀನು ಇದ್ದವೋ ಇಲ್ಲವೋ ಅದೂ ನನಗೆ ಗೊತ್ತಿರಲಿಲ್ಲ. ಮ್ಯಾನೇಜರಿಗೆ ಡಿಸೆಂಬರಿನ ವಿಷಯ ಹೇಳಿದೆ. ಬೈಯಲಿಲ್ಲ. 'ನೆಕ್ಸ್ಟ್ ಟೈಮ್ ನೋಡ್ಕೋ' ಅಂದ. ಬೈದಿದ್ರೆ ಚೆನ್ನಾಗಿರ್ತಿತ್ತು. ಆ ರಾತ್ರಿಯಿಂದ ಈ ಹಾಳು ಫಾರಂ ಎಲ್ಲಿಂದ ಬಂತು ಅಂತ ಓದೋಕೆ ಶುರು ಮಾಡಿದೆ. ಇನ್ನೂ ಓದ್ತಾನೇ ಇದೀನಿ.

*

ಕಥೆ ಎಲ್ಲರೂ ಶುರು ಮಾಡೋದು ಬೆಂಕಿಯಿಂದ. 1969ರ ಜೂನ್ 22, ಒಹಾಯೋದ ಕ್ಲೀವ್‌ಲ್ಯಾಂಡ್‌ನಲ್ಲಿ ಕೈಯಾಹೋಗಾ ನದಿ ಹೊತ್ತಿಕೊಂಡಿತು. ನೀರಿನ ಮೇಲಿನ ಎಣ್ಣೆ, ಕಸ ಎಲ್ಲ ಸೇರಿ ಉರಿದು ಎರಡು ರೈಲ್ವೆ ಸೇತುವೆ ಸುಟ್ಟವು. ಅರ್ಧ ಗಂಟೆಯೂ ಉರಿಯಲಿಲ್ಲ, ಫೋಟೋ ಕೂಡ ಯಾರೂ ತೆಗೆದಿರಲಿಲ್ಲ. ಆಗಸ್ಟಿನಲ್ಲಿ ಟೈಮ್ ಪತ್ರಿಕೆಯವರು ಅಚ್ಚು ಹಾಕಿದ್ದು 1952ರಲ್ಲಿ ಅದೇ ನದಿಗೆ ಬಿದ್ದ ಇನ್ನೂ ದೊಡ್ಡ ಬೆಂಕಿಯ ಹಳೇ ಫೋಟೋ! ಆ ನದಿ ಹತ್ತೊಂಬತ್ತನೇ ಶತಮಾನದಿಂದಲೂ ಆಗಾಗ ಉರೀತಾನೇ ಇತ್ತು, ಕ್ಲೀವ್‌ಲ್ಯಾಂಡಿನವರಿಗೆ ಅದೊಂದು ಸುದ್ದಿಯೇ ಆಗಿರಲಿಲ್ಲ. ಇದನ್ನ ಓದಿ ನಗೋ ಹಾಗಿಲ್ಲ ನಾವು. ಬೆಳ್ಳಂದೂರು ಕೆರೆಗೆ 2015ರಲ್ಲಿ, 2017ರಲ್ಲಿ, 2018ರಲ್ಲಿ ಬೆಂಕಿ ಬಿದ್ದದ್ದು, ಕೊನೆಯ ಸಲ ಸೈನಿಕರು ಬಂದು ಆರಿಸಿದ್ದು ನಮ್ಮದೇ ಊರಿನ ಕಥೆ.

1972ರಲ್ಲಿ ಕ್ಲೀನ್ ವಾಟರ್ ಆಕ್ಟ್ ಬಂತು. ಅಧ್ಯಕ್ಷ ನಿಕ್ಸನ್ ಖರ್ಚು ವಿಪರೀತ ಅಂತ ವೀಟೋ ಮಾಡಿದರು, ಅದರ ಮಾರನೇ ದಿನವೇ, ಅಕ್ಟೋಬರ್ 18ಕ್ಕೆ, ಎರಡೂ ಸದನಗಳು ಸೇರಿ ವೀಟೋವನ್ನ ಪಕ್ಕಕ್ಕೆ ತಳ್ಳಿ ಕಾನೂನು ಮಾಡಿಬಿಟ್ಟವು. ಪರ್ಮಿಟ್ ಇಲ್ಲದೆ ಯಾವ ಪೈಪಿನಿಂದಲೂ ನದಿಗೆ ಹೊಲಸು ಬಿಡುವ ಹಾಗಿಲ್ಲ. ಕಾರ್ಖಾನೆಗಳು ಗೊಣಗಿದವು, ಆದರೂ ದಾರಿಗೆ ಬಂದವು.

ಮಳೆ ನೀರು? ಅದೇ ಸ್ವಾರಸ್ಯ. ಕಾನೂನಿನ ಅಕ್ಷರದ ಪ್ರಕಾರ ಮಳೆ ಮೋರಿಯೂ ಪೈಪೇ. ಆದರೆ ದೇಶದ ಒಂದೊಂದು ಮಳೆ ಮೋರಿಗೂ ಪರ್ಮಿಟ್ ಕೊಡ್ತಾ ಕೂತ್ರೆ ನಮ್ಮ ಆಯುಸ್ಸು ಸಾಲದು ಅಂತ ಇಪಿಎ, ಅಂದ್ರೆ ಇಲ್ಲಿನ ಪರಿಸರ ಸಂಸ್ಥೆ, 1973ರಲ್ಲಿ ತಾನೇ ಒಂದು ನಿಯಮ ಮಾಡಿ ಬಹುಪಾಲು ಮಳೆ ನೀರಿಗೆ ವಿನಾಯಿತಿ ಕೊಟ್ಟುಬಿಟ್ಟಿತು. ನ್ಯಾಚುರಲ್ ರಿಸೋರ್ಸಸ್ ಡಿಫೆನ್ಸ್ ಕೌನ್ಸಿಲ್ ಅನ್ನೋ ಸಂಸ್ಥೆ ಕೋರ್ಟಿಗೆ ಹೋಯಿತು. 1977ರಲ್ಲಿ ವಾಷಿಂಗ್ಟನ್ ಡಿಸಿಯ ಮೇಲ್ಮನವಿ ನ್ಯಾಯಾಲಯ ಹೇಳಿದ್ದು: ಕಷ್ಟ ಅನ್ನೋ ಕಾರಣಕ್ಕೆ ಕಾನೂನು ಬಿಟ್ಟುಕೊಡೋ ಅಧಿಕಾರ ನಿಮಗಿಲ್ಲ, ಒಬ್ಬೊಬ್ಬರಿಗೆ ಕೊಡೋಕೆ ಆಗದಿದ್ರೆ ಗುಂಪಿಗೊಂದು ಸಾಮಾನ್ಯ ಪರ್ಮಿಟ್ ಕೊಡಿ. ಈ 'ಗುಂಪಿಗೊಂದು' ಅನ್ನೋ ಉಪಾಯವೇ ಇವತ್ತು ನನ್ನ ಮೇಜಿನ ಮೇಲಿರೋ ಫೈಲು.

ಆದರೂ ಇನ್ನು ಹತ್ತು ವರ್ಷ ಏನೂ ಆಗಲಿಲ್ಲ, ನಿಯಮ ಬರೆಯೋದು, ಕೇಸು ಬೀಳೋದು, ಮತ್ತೆ ಬರೆಯೋದು. ಆಗಿದ್ದು ಒಂದೇ ಒಳ್ಳೇ ಕೆಲಸ. 1978ರಿಂದ 1983ರ ತನಕ ದೇಶದ 28 ಕಡೆ ಊರಿನ ಮಳೆ ನೀರನ್ನ ಹಿಡಿದು ಪರೀಕ್ಷೆ ಮಾಡಿದರು. ಬರೀ ಮಣ್ಣು ನೀರು ಅಂದುಕೊಂಡಿದ್ದರಲ್ಲಿ ಸೀಸ, ತಾಮ್ರ, ಸತು ಎಲ್ಲ ಧಾರಾಳವಾಗಿ ಸಿಕ್ಕಿದವು. 1987ರ ಫೆಬ್ರವರಿಯಲ್ಲಿ ಸಂಸತ್ತು ಕಾನೂನು ತಿದ್ದಿತು, ಕಾರ್ಖಾನೆಗಳ ಮತ್ತು ದೊಡ್ಡ ಊರುಗಳ ಮಳೆ ನೀರು ಮೊದಲು ಅಂತ ಸಾಲು ಹಚ್ಚಿತು. ಈ ಸಲ ವೀಟೋ ಮಾಡಿದ್ದು ರೇಗನ್, ಮತ್ತೆ ತಳ್ಳಿಹಾಕಿದ್ದು ಸಂಸತ್ತು. ನೀರಿನ ಕಾನೂನಿಗೂ ವೀಟೋಗೂ ಏನೋ ಜಾತಕದ ನಂಟು! 1990ರ ನವೆಂಬರ್ 16ರಂದು ನಿಯಮ ಹೊರಬಿತ್ತು, ಹನ್ನೊಂದು ವರ್ಗದ ಉದ್ಯಮಗಳಿಗೆ. 1995ರಲ್ಲಿ ಒಂದೊಂದು ಬಗೆಯ ಉದ್ಯಮಕ್ಕೂ ಅದರದ್ದೇ ಷರತ್ತಿರೋ ಪರ್ಮಿಟ್ ಬಂತು. ಗುಜರಿ ಅಂಗಡಿಗೆ ಬೇರೆ, ಮರದ ಮಿಲ್ಲಿಗೆ ಬೇರೆ, ನಮ್ಮಂಥ ಲೋಹದವರಿಗೆ ಬೇರೆ.

ಆ ಪರ್ಮಿಟ್ ಕೇಳೋ ಯೋಜನಾಪತ್ರವನ್ನ ಇಲ್ಲಿ ಎಲ್ಲರೂ 'ಸ್ವಿಪ್' ಅಂತಾರೆ, ಅದರ ನಿಜವಾದ ಹೆಸರಿನ ಐದಾರು ಅಕ್ಷರ ಉಚ್ಚರಿಸಿದ್ರೆ ನಾಲಿಗೆ ಗಂಟು ಬೀಳುತ್ತೆ. ಒಳಗೆ ಇರೋದು ಮಾತ್ರ ಅಮ್ಮನ ಬುದ್ಧಿವಾದ: ಡ್ರಮ್ಮಿಗೆ ಮುಚ್ಚಳ ಹಾಕು, ಕಸದ ತೊಟ್ಟಿ ಮುಚ್ಚಿಡು, ಅಂಗಳ ಗುಡಿಸು (ತೊಳೀಬೇಡ, ಗುಡಿಸು), ಎಣ್ಣೆ ಚೆಲ್ಲಿದ್ರೆ ತಕ್ಷಣ ಬಳಿ, ಸಾಮಾನು ಸೂರಿನ ಕೆಳಗಿಡು. 1999ರಲ್ಲಿ ಇನ್ನೊಂದು ಜಾಣತನ ಮಾಡಿದರು. ಮಳೆಗೆ ತಾಕೋದು ಏನೂ ಹೊರಗಿಲ್ಲ ಅಂತ ತೋರಿಸಿದ್ರೆ ಪರ್ಮಿಟ್ಟೇ ಬೇಡ. ಒಂದು ಶೆಡ್ಡು ಹಾಕಿಸಿದ್ರೆ ಐವತ್ತು ಪುಟದ ಕಾಗದ ತಪ್ಪುತ್ತೆ. ಎಷ್ಟೋ ಕಾರ್ಖಾನೆಗಳು ಹಾಕಿಸಿದವು.

ಶೆಡ್ಡಿನ ತಗಡಿನದ್ದೇ ಒಂದು ಉಪಕಥೆ. ನಮ್ಮ ನೀರಲ್ಲಿ ವರ್ಷಗಟ್ಟಲೆ ಸತು ಜಾಸ್ತಿ ಬರ್ತಿತ್ತು. 1995ರ ಪರ್ಮಿಟ್ಟಿನಲ್ಲಿ ಸತುವಿಗೆ ಇಟ್ಟ ಅಳತೆ ಲೀಟರಿಗೆ 0.117 ಮಿಲಿಗ್ರಾಂ, ಮೀನಿನ ಕಿವಿರಿಗೆ ಅಷ್ಟು ಸಣ್ಣ ಲೆಕ್ಕವೂ ಮುಖ್ಯ. ಒಳಗಿನ ಯಂತ್ರಗಳನ್ನೆಲ್ಲ ಜಾಲಾಡಿದೆ, ಸಿಗಲಿಲ್ಲ. ಕೊನೆಗೆ ನೆತ್ತಿ ಮೇಲೆ ನೋಡಿದೆ. ಸೂರಿನ ತಗಡೇ ಸತು ಲೇಪಿಸಿದ್ದು! ಪ್ರತಿ ಮಳೆಗೂ ಒಂದಿಷ್ಟು ಕರಗಿ ಇಳೀತಾ ಇತ್ತು. ಬಣ್ಣ ಬಳಿಸಿದ ಮೇಲೆ ಇಳೀತು. ಟೈರಿನಲ್ಲೂ ಸತು ಇರುತ್ತೆ, ಫೋರ್ಕ್‌ಲಿಫ್ಟ್ ಓಡಾಡಿದ ಕಡೆಯೆಲ್ಲ ಉದುರುತ್ತೆ. ಟೈರಿನ ವಿಷಯಕ್ಕೆ ಬಂದ್ರೆ, ಸಿಯಾಟಲ್ ಕಡೆ ದಶಕಗಳಿಂದ ಮೊದಲ ಮಳೆಗೆ ಕೋಹೋ ಸ್ಯಾಮನ್ ಮೀನುಗಳು ಮೊಟ್ಟೆಯಿಡೋ ಮೊದಲೇ ಸಾಯ್ತಿದ್ದವು. ರಬ್ಬರು ಬಿರಿಯದಿರಲಿ ಅಂತ ಟೈರಿಗೆ ಹಾಕೋ ಒಂದು ರಾಸಾಯನಿಕ ಓಝೋನ್ ಜೊತೆ ಸೇರಿ ವಿಷವಾಗೋದೇ ಕಾರಣ ಅಂತ ಪತ್ತೆಯಾಗಿದ್ದು 2020ರಲ್ಲಿ.

*

ನಾನು ಓದಿದ್ದರಲ್ಲೆಲ್ಲ ನನಗೆ ಹೆಚ್ಚು ಹಿಡಿಸಿದ್ದು ನಮ್ಮ ಗ್ವಿನೆಟ್ಟಿನದ್ದೇ ಒಂದು ಮೊಕದ್ದಮೆ.

ಇಲ್ಲಿನ ಮಣ್ಣು ಕೆಂಪು. ನಮ್ಮ ಕಡೆಯವರು ಬಂದ ದಿನವೇ 'ಅರೆ, ನಮ್ಮೂರ ಮಣ್ಣು!' ಅಂತಾರೆ. ಹತ್ತೊಂಬತ್ತನೇ ಶತಮಾನದಲ್ಲಿ ಹತ್ತಿ ಬೆಳೆದು ಬೆಳೆದು ಈ ಸೀಮೆಯ ಮೇಲ್ಮಣ್ಣು ಸರಾಸರಿ ಏಳು ಇಂಚು ಕೊಚ್ಚಿಹೋಗಿದೆ ಅಂತ ಸ್ಟ್ಯಾನ್ಲಿ ಟ್ರಿಂಬಲ್ ಅನ್ನೋ ಭೂಗೋಳ ವಿದ್ವಾಂಸ 1974ರಲ್ಲಿ ಲೆಕ್ಕ ಹಾಕಿದ್ದ. ಹತ್ತಿ ಹೋಯ್ತು, ಕಾಡು ಮತ್ತೆ ಬೆಳೀತು, ಆಮೇಲೆ ಬುಲ್ಡೋಜರ್ ಬಂತು. 1970ರಲ್ಲಿ ಈ ಕೌಂಟಿಯ ಜನ 72 ಸಾವಿರ, 1990ಕ್ಕೆ ಮೂರೂವರೆ ಲಕ್ಷ, 2020ಕ್ಕೆ ಒಂಬತ್ತೂವರೆ ಲಕ್ಷ ದಾಟಿತು. ಅಷ್ಟೂ ಜನಕ್ಕೆ ಮನೆ ಕಟ್ಟಬೇಕಲ್ಲ. (ಅದರಲ್ಲಿ ನಮ್ಮ ಮನೆಯೂ ಒಂದು, ಸುಮ್ಮನೆ ಬೇರೆಯವರ ಮೇಲೆ ಹಾಕೋದು ಬೇಡ.) 1990ರ ನಿಯಮದಲ್ಲಿ ಐದು ಎಕರೆ ಮೀರಿದ ಕಟ್ಟಡ ಕೆಲಸವೂ 'ಉದ್ಯಮ'ವೇ, ಹನ್ನೊಂದು ವರ್ಗಗಳಲ್ಲಿ ಅದೂ ಒಂದು.

1990ರ ದಶಕದ ಮೊದಲಲ್ಲಿ ಒಬ್ಬ ಬಿಲ್ಡರ್ ಇಲ್ಲಿ ಒಂದು ಬಡಾವಣೆ ಮಾಡೋಕೆ ಹೊರಟ. ಮಳೆ ಬಂದಾಗ ಅಗೆದ ಕೆಂಪು ಮಣ್ಣು ಹಳ್ಳಕ್ಕೆ ಇಳೀತು. ಕೌಂಟಿಯ ನಿವಾಸಿಯೊಬ್ಬರು ದಾವೆ ಹೂಡಿದರು. ಪರ್ಮಿಟ್ ಇಲ್ಲದೆ ಮಳೆ ನೀರು ಬಿಡ್ತಿದ್ದಾನೆ, ಇದು ಕಾನೂನಿಗೆ ವಿರುದ್ಧ. ಕೆಳಗಿನ ಕೋರ್ಟು ಹೌದು ಅಂದು ತಡೆಯಾಜ್ಞೆ ಕೊಟ್ಟಿತು. ಆದರೆ ತಮಾಷೆ ನೋಡಿ, ಆಗ ಜಾರ್ಜಿಯಾದಲ್ಲಿ ಆ ಪರ್ಮಿಟ್ಟೇ ಇರಲಿಲ್ಲ! ರಾಜ್ಯದ ಪರಿಸರ ಇಲಾಖೆ ಇನ್ನೂ ಜಾರಿಗೆ ತಂದೇ ಇರಲಿಲ್ಲ. ಸಿಗದ ಪರ್ಮಿಟ್ಟನ್ನ ತಗೊಂಡಿಲ್ಲ ಅಂತ ಶಿಕ್ಷೆ. 1996ರಲ್ಲಿ ಅಟ್ಲಾಂಟಾದಲ್ಲಿರೋ ಹನ್ನೊಂದನೇ ಸರ್ಕ್ಯೂಟಿನ ಮೇಲ್ಮನವಿ ನ್ಯಾಯಾಲಯ ಇದನ್ನ ತಿರುಗಿಸಿತು. ಮಳೆ ನೀರು ಇಳಿಜಾರಿಗೆ ಹರಿದೇ ಹರಿಯುತ್ತೆ, ಕಾಂಗ್ರೆಸ್ಸಿನ ಕಾನೂನಿಗೂ ಅದನ್ನ ನಿಲ್ಲಿಸೋ ಶಕ್ತಿ ಇಲ್ಲ ಅನ್ನೋ ಅರ್ಥದ ಮಾತು ಆ ತೀರ್ಪಿನಲ್ಲಿದೆ. (ಇಲ್ಲಿನ ಸಂಸತ್ತು ಸ್ವಾಮಿ, ನಮ್ಮ ಪಕ್ಷ ಅಲ್ಲ.) ಅಸಾಧ್ಯವಾದದ್ದನ್ನ ಮಾಡು ಅಂತ ಕಾನೂನು ಹೇಳೋದಿಲ್ಲ, ಅಂತ.

ಇಷ್ಟೇ ಓದಿದ್ರೆ ಬಿಲ್ಡರ್ ಗೆದ್ದ ಅನ್ನಿಸುತ್ತೆ. ಆದರೆ ಕೋರ್ಟು ಬಿಟ್ಟಿದ್ದು ಷರತ್ತಿನ ಮೇಲೆ: ಪರ್ಮಿಟ್ ನಿಜವಾಗಲೂ ಸಿಗ್ತಿರಬಾರದು, ನೀರನ್ನ ಪೂರ್ತಿ ತಡೆಯೋದು ಅಸಾಧ್ಯ ಆಗಿರಬೇಕು, ಸ್ಥಳೀಯ ನಿಯಮಗಳನ್ನ ಪ್ರಾಮಾಣಿಕವಾಗಿ ಪಾಲಿಸಿರಬೇಕು, ಹರಿದ ಕೊಳೆ ಅಲ್ಪವಾಗಿರಬೇಕು. ಮೂರೇ ವರ್ಷಕ್ಕೆ, 1999ರಲ್ಲಿ, ಉತ್ತರ ಜಾರ್ಜಿಯಾದ ಬೆಟ್ಟದ ಕಡೆ ಯೂನಿಯನ್ ಕೌಂಟಿಯಲ್ಲಿ ಮರ ಕಡಿದು ರಸ್ತೆ ಮಾಡಿ ಕೆಳಗಿನವರ ಕೊಳಗಳಿಗೆ ಮರಳು ಮಣ್ಣು ತುಂಬಿಸಿದ ಇನ್ನೊಬ್ಬ ಇದೇ ತೀರ್ಪು ಹಿಡಿದು ಅದೇ ಕೋರ್ಟಿಗೆ ಬಂದ. ಪರ್ಮಿಟ್ ಆಗಲೂ ಇರಲಿಲ್ಲ. ನೀನು ಪ್ರಾಮಾಣಿಕವಾಗಿ ಏನು ಮಾಡಿದ್ದೆ ತೋರಿಸು ಅಂದರು. ತೋರಿಸೋಕೆ ಇರಲಿಲ್ಲ. ಸೋತ. 2000ದ ಆಗಸ್ಟ್ 1ಕ್ಕೆ ಜಾರ್ಜಿಯಾದ ಕಟ್ಟಡ ಕೆಲಸದ ಪರ್ಮಿಟ್ ಕೊನೆಗೂ ಜಾರಿಗೆ ಬಂತು, ಇನ್ನು ಯಾರೂ ಆ ನೆಪ ಹೇಳೋ ಹಾಗಿಲ್ಲ.

ಎರಡು ತೀರ್ಪಿನ ನಡುವೆ ವ್ಯತ್ಯಾಸ ಇರೋದು 'ಪ್ರಾಮಾಣಿಕವಾಗಿ' ಅನ್ನೋ ಒಂದು ಪದದಲ್ಲಿ. ನನ್ನ ಡಿಸೆಂಬರಿನ ಫಾರಂ ಇಟ್ಟುಕೊಂಡು ಇದನ್ನ ಓದೋದು ಅಷ್ಟೇನೂ ಹಿತವಾಗಿರಲಿಲ್ಲ.

*

ಅಮೆರಿಕದವರು ಜಾಣರು, ನಾವು ದಡ್ಡರು ಅಂತ ಬರೆಯೋಕೆ ಕೂತಿಲ್ಲ ನಾನು. ನಮ್ಮಲ್ಲೂ 1974ರಲ್ಲೇ ಜಲ ಕಾಯ್ದೆ ಬಂತು, ಅದೇ ವರ್ಷ ಕರ್ನಾಟಕದ ಮಾಲಿನ್ಯ ನಿಯಂತ್ರಣ ಮಂಡಳಿಯೂ ಆಯ್ತು. ಅದು ಕಣ್ಣಿಟ್ಟಿದ್ದು ಮುಖ್ಯವಾಗಿ ಪೈಪಿನ ತ್ಯಾಜ್ಯದ ಮೇಲೆ. ಮಳೆ ನೀರಿಗೇ ಅಂತ ಇಲ್ಲಿನಂಥ ಬೇರೆ ಪರ್ಮಿಟ್ ಪದ್ಧತಿ ಅಲ್ಲಿ ಬೆಳೀಲಿಲ್ಲ. ಹಾಗಂತ ಮಳೆ ಬಿಡುತ್ತಾ?

ಕುದುರೆಮುಖವನ್ನ ನೋಡಿ. 1976ರಲ್ಲಿ ಕಂಪನಿ ಹುಟ್ಟಿದ್ದು, ಇರಾನಿನ ಶಾ ದುಡ್ಡು ಕೊಡ್ತೀನಿ ಅಂದಿದ್ದರಿಂದ. ಅಲ್ಲಿ 1979ರಲ್ಲಿ ಕ್ರಾಂತಿಯಾಗಿ ಶಾ ಹೋದ, ಇಲ್ಲಿ ಬೆಟ್ಟ ತೆರೆದದ್ದು ಉಳೀತು. ಅದಿರನ್ನ ಅರೆದು, ನೀರಿಗೆ ಬೆರೆಸಿ, 67 ಕಿಲೋಮೀಟರ್ ಕೊಳವೆಯಲ್ಲಿ ಘಟ್ಟ ಇಳಿಸಿ ಮಂಗಳೂರಿಗೆ ಕಳಿಸ್ತಿದ್ದರು. ಮಿಕ್ಕ ಕೆಸರಿಗೆ ಲಕ್ಯಾ ಅಣೆಕಟ್ಟು. ಯಂತ್ರ, ಕೊಳವೆ, ಇಂಜಿನಿಯರಿಂಗ್ ಎಲ್ಲ ಒಳ್ಳೇ ದರ್ಜೆಯದ್ದೇ. ಆದರೆ ಕೊಳವೆಯಲ್ಲಿ ಹೋಗದ್ದು ಒಂದಿತ್ತು. ವರ್ಷಕ್ಕೆ 7,000 ಮಿಲಿಮೀಟರ್ ಆಸುಪಾಸಿನ ಮಳೆ. ನಮ್ಮ ಲಾರೆನ್ಸ್‌ವಿಲ್ಲಿನ ಐದು ಪಟ್ಟಿಗಿಂತ ಜಾಸ್ತಿ, ಅದೂ ಮುಕ್ಕಾಲು ಪಾಲು ನಾಲ್ಕೇ ತಿಂಗಳಲ್ಲಿ. ಬಗೆದಿಟ್ಟ ಬೆಟ್ಟದ ಮೇಲೆ ಅಷ್ಟು ಮಳೆ ಬಿದ್ದರೆ ಮಣ್ಣು ಎಲ್ಲಿಗೆ ಹೋಗಬೇಕು? ಭದ್ರೆಗೆ. ಗಣಿಯಿರೋ ಜಾಗ ಆ ಜಲಾನಯನದ ತೀರಾ ಸಣ್ಣ ತುಣುಕು, ಹೊಳೆಗೆ ಬರ್ತಿದ್ದ ಹೂಳಿನಲ್ಲಿ ಅದರ ಪಾಲು ಮಾತ್ರ ಬಹಳ ದೊಡ್ಡದು ಅಂತ ಜಗದೀಶ್ ಕೃಷ್ಣಸ್ವಾಮಿ ಮತ್ತವರ ಜೊತೆಗಾರರು ಮಳೆಗಾಲದಲ್ಲಿ ಹೊಳೆಯ ನೀರು ಹಿಡಿದು ಅಳೆದು ತೋರಿಸಿದರು. ಅವರು ಮಾಡಿದ್ದೂ ಜಾಡಿ ಹಿಡಿಯೋ ಕೆಲಸವೇ, ನನ್ನದಕ್ಕಿಂತ ಸಾವಿರ ಪಾಲು ಕಷ್ಟದ್ದು.

1987ರಲ್ಲಿ ಸುತ್ತಲ ಕಾಡು ರಾಷ್ಟ್ರೀಯ ಉದ್ಯಾನವಾಯ್ತು, 1999ಕ್ಕೆ ಗಣಿ ಗುತ್ತಿಗೆ ಮುಗೀತು. ನಾಗರಹೊಳೆಯಲ್ಲಿ ಅರಣ್ಯಾಧಿಕಾರಿಯಾಗಿದ್ದ ಕೆ.ಎಂ. ಚಿಣ್ಣಪ್ಪ ಸುಪ್ರೀಂ ಕೋರ್ಟಿಗೆ ಹೋದರು. 2002ರ ಅಕ್ಟೋಬರ್ 30ರಂದು ತೀರ್ಪು ಬಂತು, 2005ರ ಕೊನೆಗೆ ಗಣಿ ನಿಲ್ಲಬೇಕು. ನಿಂತಿತು. ಅಷ್ಟು ಹೊತ್ತಿಗೆ ಅಲ್ಲಿ ಒಂದು ಊರೇ ಬೆಳೆದಿತ್ತು, ಶಾಲೆ, ಆಸ್ಪತ್ರೆ, ಸಾಲು ಸಾಲು ಕ್ವಾರ್ಟರ್ಸು. ಜನ ಕೆಲಸ ಕಳಕೊಂಡು ಊರು ಬಿಟ್ಟರು, ಈಗ ಹೋದರೆ ಖಾಲಿ ಮನೆಗಳಲ್ಲಿ ಪಾಚಿ ಬೆಳೆದಿದೆ. ನದಿ ಗೆದ್ದದ್ದಕ್ಕೆ ನನಗೆ ಸಂತೋಷ ಇದೆ. ಆದರೆ ಅಲ್ಲಿ ಹುಟ್ಟಿ ಬೆಳೆದವರು 'ನಮ್ಮೂರು' ಅಂತ ಹೇಳೋಕೆ ಊರೇ ಇಲ್ಲವಲ್ಲ ಅಂತ ಯೋಚಿಸಿದಾಗ ಆ ಸಂತೋಷ ಅಷ್ಟು ಸಲೀಸಲ್ಲ. ಇಲ್ಲಿ ಕೂತು ನೋಡಿದ್ರೆ ನನಗೆ ಅನ್ನಿಸೋದು ಇಷ್ಟು: ಅಂಥ ಮಳೆಯ ಬೆಟ್ಟದಲ್ಲಿ ಯಾವ ಸ್ವಿಪ್ ಬರೆದಿದ್ದರೂ ಸಾಲುತ್ತಿರಲಿಲ್ಲ. ಕೆಲವು ಕಡೆ ಮುಚ್ಚಳ, ಶೆಡ್ಡು, ಟ್ರೇ ಎಲ್ಲ ಕೆಲಸ ಮಾಡುತ್ತೆ. ಕೆಲವು ಕಡೆ ಅಗೆಯಬಾರದು, ಅಷ್ಟೇ.

*

ನಮ್ಮೂರು ಕೋಲಾರದ ಕಡೆ, ಶ್ರೀನಿವಾಸಪುರ ದಾಟಿ ಒಳಗೆ. ಅಲ್ಲಿ ನದಿ ಇಲ್ಲ, ಇರೋದೆಲ್ಲ ಕೆರೆ. ಒಂದು ಕೆರೆಯ ಕೋಡಿ ಬಿದ್ದರೆ ಮುಂದಿನ ಕೆರೆಗೆ, ಅದರದ್ದು ಮುಂದಿನದ್ದಕ್ಕೆ. ನಾನು ಚಿಕ್ಕವನಿದ್ದಾಗ ಒಬ್ಬ ನೀರುಗಂಟಿ ತಾತ ಇದ್ದರು. ತೂಬು ಎತ್ತೋದು, ಗದ್ದೆಗೆ ನೀರು ಹಂಚೋದು ಅವರ ಕೆಲಸ ಅಂತ ಎಲ್ಲರಿಗೂ ಗೊತ್ತು. ಆದರೆ ನನಗೆ ನೆನಪಿರೋದು ಬೇರೆ. ರಾತ್ರಿ ಜೋರು ಮಳೆ ಹೊಡೆದಾಗ ಗೋಣಿಚೀಲವನ್ನ ಕೊಪ್ಪೆ ಮಾಡಿ ಹೊದ್ದು, ಲಾಟೀನು ಹಿಡಿದು, ಆ ತಾತ ಕಾಲುವೆ ಮೇಲೆ ಹೋಗ್ತಿದ್ದರು. ಕಸ ಕಟ್ಟಿದೆಯಾ, ಕಟ್ಟೆ ಜಿನುಗ್ತಿದೆಯಾ ನೋಡೋಕೆ. 'ತಾತಾ, ಬೆಳಗ್ಗೆ ಹೋಗಬಾರದಾ?' ಅಂದಿದ್ದೆ ಒಂದು ಸಲ. 'ಬೆಳಗ್ಗೆ ಏನ್ ಕಾಣ್ತದೆ ಮಗಾ, ಮಳೇಲಿ ಮಾತ್ರ ಕಾಣೋದು' ಅಂದಿದ್ದರು. ಸಂಬಳ ಅಂತ ಅವರಿಗೆ ಸಿಗ್ತಿದ್ದದ್ದು ಸುಗ್ಗಿಯಲ್ಲಿ ಮನೆಗಿಷ್ಟು ಅಂತ ಧಾನ್ಯ. ಫಾರಂ ಇರಲಿಲ್ಲ, ಸಹಿ ಇರಲಿಲ್ಲ.

ಆಮೇಲೆ ಬೋರ್‌ವೆಲ್ ಬಂತು, ನೀರುಗಂಟಿ ಯಾರಿಗೂ ಬೇಡವಾದ. ಕೆರೆಗಳು ಒಣಗಿದವು. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆ ಅಂತ ಬೆಂಗಳೂರಿನ ಕೊಳಚೆಯನ್ನ ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಪಂಪ್ ಮಾಡೋಕೆ ಶುರುಮಾಡಿದರು. ಶುರುವಿನಲ್ಲೇ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದು, ಹೈಕೋರ್ಟ್ ಸ್ವಲ್ಪ ಕಾಲ ತಡೆದು, ಮತ್ತೆ ಬಿಟ್ಟಿತು. ಕೆ.ಸಿ. ಅಂದ್ರೆ ಕೋರಮಂಗಲ-ಚಲ್ಲಘಟ್ಟ, ಬೆಳ್ಳಂದೂರು ಕೆರೆಯಿರೋ ಅದೇ ಕಣಿವೆ. ನಮ್ಮ ಚಿಕ್ಕಪ್ಪ ಫೋನಿನಲ್ಲಿ 'ಬೋರ್‌ನಲ್ಲಿ ನೀರು ಮೇಲೆ ಬಂತು ಕಣೋ' ಅಂತ ಖುಷಿಯಾಗಿ ಹೇಳಿದರು. ಇಪ್ಪತ್ತು ವರ್ಷ ನೀರಿಗೆ ಪರದಾಡಿದ ಮನುಷ್ಯ. 'ಆ ನೀರಲ್ಲಿ ಏನೇನಿದೆ ಅಂತ ಯಾರಾದ್ರೂ ನೋಡ್ತಿದ್ದಾರಾ ಚಿಕ್ಕಪ್ಪ?' ಅಂದೆ. 'ನೋಡ್ತಿರ್ತಾರೆ ಬಿಡೋ, ಆಫೀಸಿನೋರು ಬರ್ಕೊಂಡು ಹೋಗ್ತಾರೆ' ಅಂದರು. ಬರ್ಕೊಂಡು ಹೋಗೋದು ಅಂದ್ರೆ ಏನು ಅಂತ ನನಗೆ ಚೆನ್ನಾಗಿ ಗೊತ್ತು. ಆದರೆ ಅವರಿಗೆ ಹೇಳೋ ಬಾಯಿ ನನಗಿರಲಿಲ್ಲ.

*

ಗುರುವಾರಕ್ಕೆ ವಾಪಸ್ ಬರ್ತೀನಿ. ಐದು ಐವತ್ತಕ್ಕೆ ಕಾರ್ಖಾನೆ ಹಿಂದುಗಡೆ ಬಂದು ನಿಂತೆ. ಮೊದಲು ಎರಡು ಹನಿ, ಆಮೇಲೆ ಹತ್ತು, ಆಮೇಲೆ ಡಬ್ಬಿಯಲ್ಲಿ ಕಡಲೆ ಹಾಕಿ ಅಲ್ಲಾಡಿಸಿದ ಸದ್ದು ತಗಡಿನ ಮೇಲೆ. ಮೋರಿಯ ಬಾಯಿಂದ ನೀರು ಹೊರಡೋಕೆ ಆರೂ ಹತ್ತಾಯ್ತು. ತಲೆ ಮೇಲೆ ಟಾರ್ಚ್ ಕಟ್ಟಿಕೊಂಡು, ಕೊಡೆಯನ್ನ ಕುತ್ತಿಗೆಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ಜಾಡಿ ಒಡ್ಡಿದೆ. ರಾತ್ರಿ ಪಾಳಿಯವನು ಬಾಗಿಲಲ್ಲಿ ಸಿಗರೇಟು ಹಿಡಿದು ನಿಂತು ನೋಡ್ತಿದ್ದ. ಏನಂದುಕೊಂಡನೋ.

ಎಣ್ಣೆ ಇಲ್ಲ. ನೊರೆ ಇಲ್ಲ. ವಾಸನೆ ಇಲ್ಲ. ಬಣ್ಣ ಮಾತ್ರ ನಸು ಕೆಂಪು. ಅರ್ಧ ಗಂಟೆ ಕಿಟಕಿಯಲ್ಲಿಟ್ಟ ಮೇಲೆ ತಳದಲ್ಲಿ ಒಂದು ಗೆರೆಯಷ್ಟು ಮಣ್ಣು ಕೂತಿತ್ತು. ಎಲ್ಲಿಂದ ಅಂತ ನೋಡೋಕೆ ಮತ್ತೆ ಹೊರಗೆ ಹೋದೆ. ಹಿಂದಿನ ಬೇಲಿಯ ಹತ್ತಿರ, ಕೇಬಲ್ ಹಾಕೋರು ಹೋದ ವಾರ ಅಗೆದು ಹಾಗೇ ಬಿಟ್ಟುಹೋದ ಗುಂಡಿ. ಫಾರಂನಲ್ಲಿ 'ಬಣ್ಣ: ಇದೆ' ಅಂತ ಬರೆದು, ಹುಲ್ಲಿನ ಬೀಜಕ್ಕೂ ಹುಲ್ಲುಕಂತೆಗೂ ಆರ್ಡರ್ ಹಾಕಿದೆ. ಸೋಮವಾರ ಬರುತ್ತಂತೆ.